ಪೈಪ್‌ಲೈನೋ, ಫ್ರೆಡ್ಡೋ?

ಪ್ರಶ್ನೆ: ಅಮ್ಮನಿಗೆ 54 ವರ್ಷ. ತಲೆನೋವೆಂದು ಸ್ಕ್ಯಾನ್ ಮಾಡಿಸಿದಾಗ ಎಡಗಣ್ಣಿನ ಹಿಂದೆ, ಮೆದುಳಿಗೆ ಹೋಗುವ ದೊಡ್ಡ ರಕ್ತನಾಳದಲ್ಲಿ 11 ಮಿ.ಮೀ. ಉಬ್ಬು ಕಂಡಿತು. ಒಡೆದಿಲ್ಲ. ಒಬ್ಬ ಡಾಕ್ಟರು ‘ಪೈಪ್‌ಲೈನ್’ ಹಾಕೋಣ ಅನ್ನುತ್ತಾರೆ, ಇನ್ನೊಬ್ಬರು ‘ಫ್ರೆಡ್’ ಅನ್ನುತ್ತಾರೆ. ಯಾರ ಮಾತು ಕೇಳಲಿ?
– ಮಗಳು, ಹಾಸನ

ಉತ್ತರ: ಇಬ್ಬರೂ ಹೇಳುತ್ತಿರುವ ಚಿಕಿತ್ಸೆ ಒಂದೇ, ಗಾಬರಿ ಬೇಡ. ಎರಡೂ ಫ್ಲೋ ಡೈವರ್ಟರ್‌ಗಳು. ತೊಡೆಯ ಅಥವಾ ಮಣಿಕಟ್ಟಿನ ನಾಳದಿಂದ ತೂರಿಸಿ, ಉಬ್ಬಿನ ಬಾಯಿಗೆ ಅಡ್ಡಲಾಗಿ ಬಿಡಿಸುವ ದಟ್ಟ ತಂತಿಜಾಲರಿ. ರಕ್ತ ತನ್ನ ಜಾಡಿನಲ್ಲೇ ಮುಂದೆ ಸಾಗುತ್ತದೆ, ಉಬ್ಬಿನೊಳಗಿನದು ಹೆಪ್ಪುಗಟ್ಟುತ್ತದೆ, ಜಾಲರಿಯ ಮೇಲೆ ನಾಳದ ಒಳಪದರ ಬೆಳೆದು ಬಾಯಿ ಮುಚ್ಚಿಕೊಳ್ಳುತ್ತದೆ. ಎಲ್ಲಕ್ಕೂ ತಿಂಗಳುಗಳು ಬೇಕು.

ಪೈಪ್‌ಲೈನ್ ಹಳಬ. ಅಮೆರಿಕದ ಎಫ್‌ಡಿಎ 2011ರಲ್ಲೇ ಒಪ್ಪಿಗೆ ಕೊಟ್ಟಿತು. ದೊಡ್ಡ ಉಬ್ಬುಗಳ ಮೇಲೆ ನಡೆದ ಅದರ ಮುಖ್ಯ ಅಧ್ಯಯನದಲ್ಲಿ ಆರು ತಿಂಗಳಿಗೆ ಸುಮಾರು 74%, ಐದು ವರ್ಷದ ಬಳಿಕ ಪರೀಕ್ಷಿಸಿದವರಲ್ಲಿ 95% ಉಬ್ಬುಗಳು ಪೂರ್ತಿ ಮುಚ್ಚಿದ್ದವು. ಅದರ 48 ತಂತಿಗಳು ಕೋಬಾಲ್ಟ್-ಕ್ರೋಮಿಯಂ ಮತ್ತು ಪ್ಲಾಟಿನಂ-ಟಂಗ್‌ಸ್ಟನ್ ಲೋಹದವು. ಫ್ರೆಡ್ ನಿಟಿನಾಲ್‌ನದು, ಎರಡು ಪದರದ್ದು. ನಿಟಿನಾಲ್ ಎಂಬ ಈ ಮಿಶ್ರಲೋಹ ತಾನಾಗಿ ಅರಳಿಕೊಳ್ಳುತ್ತದೆ. ಯಾವುದೇ ಆಗಲಿ, ತಿರುವಿರುವ ನಾಳದಲ್ಲಿ ಗೋಡೆಗೆ ಸರಿಯಾಗಿ ಅಂಟದಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆದ್ದರಿಂದ ನಾನಾದರೆ ಬ್ರ್ಯಾಂಡ್ ಬಿಟ್ಟು ಕೈ ನೋಡುತ್ತೇನೆ: ‘ಇದೇ ಸಾಧನವನ್ನು ಎಷ್ಟು ಜನಕ್ಕೆ ಹಾಕಿದ್ದೀರಿ, ಎಷ್ಟು ಜನಕ್ಕೆ ಪಾರ್ಶ್ವವಾಯು ಆಯಿತು, ಎರಡನೆಯ ಜಾಲರಿ ಬೇಕಾದರೆ ಖರ್ಚೆಷ್ಟು?’ ಎಂದು ಇಬ್ಬರನ್ನೂ ಕೇಳಿ. ಅಮ್ಮನಿಗೆ ಕಾಯಿಲ್ (ಉಬ್ಬಿನೊಳಗೆ ತುಂಬುವ ತಂತಿಸುರುಳಿ) ಅಥವಾ ಕ್ಲಿಪ್ (ಆಪರೇಷನ್ ಮಾಡಿ ಉಬ್ಬಿನ ಬುಡಕ್ಕೆ ಹಾಕುವುದು) ಯಾಕೆ ಬೇಡ ಅನ್ನುವುದನ್ನೂ ಕೇಳಿ. ಕೇಳಿದ್ದಕ್ಕೆ ಸಿಡುಕುವ ಡಾಕ್ಟರಿಗಿಂತ ಕೂತು ವಿವರಿಸುವವರು ಮೇಲು.

ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲದ ವಿಷಯವೇ ನನಗೆ ಹೆಚ್ಚು ಚಿಂತೆಯದ್ದು: ಮಾತ್ರೆಗಳು. ಜಾಲರಿಯ ಮೇಲೆ ಹೆಪ್ಪುಗಟ್ಟದಂತೆ ಆಸ್ಪಿರಿನ್ ಜೊತೆ ಸಾಮಾನ್ಯವಾಗಿ ಕ್ಲೊಪಿಡೊಗ್ರೆಲ್ ಕೊಡುತ್ತಾರೆ, ಹಾಕುವ ಮೊದಲೇ ಶುರುಮಾಡಿ ಬಹಳ ತಿಂಗಳು. ನಮ್ಮ ದೇಶದ ಹಲವರಲ್ಲಿ ವಂಶವಾಹಿಯ ಕಾರಣದಿಂದ ಕ್ಲೊಪಿಡೊಗ್ರೆಲ್ ಸರಿಯಾಗಿ ಕೆಲಸ ಮಾಡುವುದಿಲ್ಲ. ‘ಪ್ಲೇಟ್‌ಲೆಟ್ ಪರೀಕ್ಷೆ ಮಾಡಿಸಿ ಮಾತ್ರೆ ಕೆಲಸ ಮಾಡುತ್ತಿದೆಯೇ ನೋಡಬೇಕೆ?’ ಎಂದು ವಿಚಾರಿಸಿ. ಟಿಕಾಗ್ರೆಲಾರ್‌ನಂಥ ಬೇರೆ ಮಾತ್ರೆಗಳಿವೆ. ಅಮ್ಮನಿಗೆ ಹೊಟ್ಟೆ ಹುಣ್ಣು ಇದ್ದಿತ್ತೇ, ಮಲ ಕಪ್ಪಗೆ ಹೋಗಿದೆಯೇ, ಮಂಡಿ ಆಪರೇಷನ್ ಮಾಡಿಸುವ ಯೋಚನೆ ಇದೆಯೇ, ಎಲ್ಲ ಮೊದಲೇ ಹೇಳಿ. ಆಮೇಲೆ ಹಲ್ಲು ಕೀಳಿಸಲು ಹೋದರೂ, ಯಾರು ಏನೇ ಹೇಳಿದರೂ, ಜಾಲರಿ ಹಾಕಿದವರನ್ನು ಕೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ.

ಜಾಲರಿ ಹಾಕುವ ತಾರೀಖು ಬರುವ ಮುಂಚೆ ಅಮ್ಮನಿಗೆ ಎಂದೂ ಕಾಣದಂಥ ತಲೆನೋವು ಏಕಾಏಕಿ ಬಂದರೆ, ಅಥವಾ ರೆಪ್ಪೆ ಜೋತುಬಿದ್ದರೆ, ಡಾಕ್ಟರ ಫೋನಿಗೆ ಕಾಯದೆ 108ಕ್ಕೆ ಕರೆಮಾಡಿ.