ಕೈಗೆ ತಕ್ಕ ಪಿಸ್ತೂಲ್: ಮಹಿಳಾ ಶೂಟರ್‌ಗಳು ಪೂರ್ಣ ಗಾತ್ರದ ಆಯುಧ ಆರಿಸುವ ಕ್ರಮ

ಗುರಿ ಅಭ್ಯಾಸಕ್ಕೆ ಇಳಿಯುವ ಮಹಿಳೆಗೆ ಚಿಕ್ಕದೂ ಹಗುರವೂ ಆದ ಪಿಸ್ತೂಲೇ ಒಗ್ಗುತ್ತದೆ ಎಂಬ ನಂಬಿಕೆ ಅಂಗಡಿಯವರಲ್ಲೂ ಮನೆಯವರಲ್ಲೂ ಬೇರೂರಿದೆ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ‘ನಿರ್ಭೀಕ್’ ಎಂಬ .32 ಬೋರ್ ರಿವಾಲ್ವರನ್ನು ಮಹಿಳೆಯರಿಗೆಂದೇ ಬಿಡುಗಡೆ ಮಾಡಿದಾಗ, ಅದರ ತೂಕ ಸುಮಾರು 500 ಗ್ರಾಂ ಮಾತ್ರ ಎಂಬುದನ್ನೇ ದೊಡ್ಡ ಗುಣವಾಗಿ ಮುಂದಿಡಲಾಗಿತ್ತು. ಕೈಚೀಲದಲ್ಲಿ ಇಟ್ಟುಕೊಳ್ಳುವವರಿಗೆ ಅದು ಗುಣವೇ ಇರಬಹುದು; ಆದರೆ ಗುಂಡು ಮುಂದಕ್ಕೆ ಚಿಮ್ಮುವಾಗ ಆಯುಧ ಹಿಂದಕ್ಕೆ ಒದೆಯುವ ಹಿನ್ನೊದೆತವು ಆಯುಧ ಹಗುರವಾದಷ್ಟೂ ಜೋರಾಗುತ್ತದೆ, ಅದೇ ಗುಂಡನ್ನು ಅರ್ಧ ತೂಕದ ಆಯುಧದಿಂದ ಹಾರಿಸಿದರೆ ಅದು ಹಿಮ್ಮೆಟ್ಟುವ ವೇಗ ಇಮ್ಮಡಿಯಾಗುತ್ತದೆ. ಆದ್ದರಿಂದ ನಿಖರವಾಗಿ ಗುರಿಯಿಡುವುದೇ ಉದ್ದೇಶವಾದವರಿಗೆ ಪೂರ್ಣ ಗಾತ್ರದ, ಅಂದರೆ ಉದ್ದ ನಳಿಕೆಯೂ ತುಂಬು ಹಿಡಿಯೂ ಇರುವ, ಒಂದು ಕಿಲೋಗ್ರಾಂ ಆಸುಪಾಸು ತೂಗುವ ಪಿಸ್ತೂಲೇ ಹೆಚ್ಚು ಅನುಕೂಲ.

ನಾಗಪುರದ ಧರಮಪೇಠದಲ್ಲಿ ನೆಲೆಸಿದ ಮಹಿಳೆಯೊಬ್ಬರು ಈ ಆಯ್ಕೆಗೆ ಹೊರಟರೆ ಅವರು ಮೊದಲು ತೀರ್ಮಾನಿಸಬೇಕಾದದ್ದು ಸ್ಪರ್ಧೆಯ ವಿಭಾಗವನ್ನು, ಏಕೆಂದರೆ ಕಾನೂನಿನ ದಾರಿ ಅಲ್ಲಿಂದಲೇ ಕವಲೊಡೆಯುತ್ತದೆ. 10 ಮೀಟರ್ ಏರ್ ಪಿಸ್ತೂಲ್ ವಿಭಾಗದಲ್ಲಿ ಒತ್ತಿದ ಗಾಳಿಯ ಬಲದಿಂದ 4.5 ಮಿ.ಮೀ. ಸೀಸದ ಪೆಲೆಟ್ ಹಾರುತ್ತದೆ; .177 ಬೋರ್ ಮೀರದ, 20 ಜೌಲ್‌ಗಿಂತ ಕಡಿಮೆ ಶಕ್ತಿಯ ಗಾಳಿ ಆಯುಧಗಳಿಗೆ 2016ರ ಶಸ್ತ್ರಾಸ್ತ್ರ ನಿಯಮಗಳಡಿ ಪರವಾನಗಿ ಬೇಕಿಲ್ಲ, ಸ್ಪರ್ಧೆಯ ಏರ್ ಪಿಸ್ತೂಲುಗಳ ಶಕ್ತಿ ಆ ಮಿತಿಯ ಸಮೀಪಕ್ಕೂ ಬರುವುದಿಲ್ಲ. 25 ಮೀಟರ್ ಸ್ಪೋರ್ಟ್ಸ್ ಪಿಸ್ತೂಲ್ .22 ಬೋರಿನ ನಿಜವಾದ ಬಂದೂಕಾದ್ದರಿಂದ ಅದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಕಡ್ಡಾಯ, ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ನಾಗಪುರದಂಥ ಕಮಿಷನರೇಟ್ ನಗರದಲ್ಲಿ ಪರವಾನಗಿ ನೀಡುವ ಅಧಿಕಾರ ಪೊಲೀಸ್ ಕಮಿಷನರ್ ಅವರದು, ಕರ್ನಾಟಕದ ಬಹುತೇಕ ಜಿಲ್ಲೆಗಳಲ್ಲಿ ಅದು ಜಿಲ್ಲಾಧಿಕಾರಿಯದು. ನಾಗಪುರದಲ್ಲೇ ಅಂಬಾಝರಿ ಆರ್ಡ್‌ನೆನ್ಸ್ ಫ್ಯಾಕ್ಟರಿ ಇದ್ದರೂ ಅಲ್ಲಿ ತಯಾರಾಗುವುದು ಫಿರಂಗಿ ಶೆಲ್ಲುಗಳಂಥ ಸೇನಾ ಸಾಮಗ್ರಿಯೇ ಹೊರತು ಕ್ರೀಡಾ ಪಿಸ್ತೂಲ್ ಅಲ್ಲ. ಸ್ಪರ್ಧೆಯಲ್ಲಿ ಬಳಕೆಯಲ್ಲಿರುವ ಸ್ಟೇಯರ್, ಮೊರಿನಿ, ಪಾರ್ಡಿನಿ, ವಾಲ್ಥರ್, ಫೈನ್‌ವರ್ಕ್‌ಬಾವ್ ಎಲ್ಲವೂ ಯೂರೋಪಿನಿಂದ ಬರುವಂಥವು. ಆದಕಾರಣ ಹೊಸಬರು ಏರ್ ಪಿಸ್ತೂಲಿನಿಂದ ತೊಡಗಿ, ರೈಫಲ್ ಕ್ಲಬ್ಬಿನ ಸದಸ್ಯತ್ವ ಪಡೆದು, ಅಲ್ಲಿನ ಸಾಮೂಹಿಕ ಪಿಸ್ತೂಲುಗಳಲ್ಲಿ ಕೆಲವು ತಿಂಗಳು ಕೈ ಪಳಗಿಸಿದ ಮೇಲೆಯೇ ಸ್ವಂತದ್ದಕ್ಕೆ ಹಣ ತೊಡಗಿಸುವುದು ವಿವೇಕದ ಕ್ರಮ.

ಎರಡನೆಯ ಹೆಜ್ಜೆ ಹಿಡಿಯ ಅಳತೆ, ಇಡೀ ಆಯ್ಕೆಯ ತಿರುಳೂ ಇದೇ. ಮಹಿಳೆಯರಿಗೆ ಪೂರ್ಣ ಗಾತ್ರದ ಪಿಸ್ತೂಲ್ ಒಗ್ಗಲಿಲ್ಲ ಎಂದು ಕೇಳಿಬರುವ ದೂರುಗಳನ್ನು ಕೆದಕಿದರೆ ಹೆಚ್ಚಿನ ಸಂದರ್ಭದಲ್ಲಿ ತೊಡಕು ಇರುವುದು ಆಯುಧದ ಗಾತ್ರದಲ್ಲಲ್ಲ, ಗಂಡಸಿನ ಅಂಗೈಗೆ ಕೊರೆದ ಮರದ ಹಿಡಿಯಲ್ಲಿ. ತಯಾರಕರು ಒಂದೇ ಪಿಸ್ತೂಲಿಗೆ ಹಲವು ಅಳತೆಯ ಹಿಡಿಗಳನ್ನು, ಎಡಗೈಯವರಿಗೆ ಬೇರೆಯದನ್ನೂ ಕೊಡುತ್ತಾರೆ. ಅಂಗೈಯ ಅಗಲವನ್ನೂ ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗಿನ ಉದ್ದವನ್ನೂ ಅಳೆದು ಅವರ ಕೋಷ್ಟಕಕ್ಕೆ ಹೋಲಿಸಿ, ಎರಡು ಅಳತೆಗಳ ನಡುವೆ ಬಿದ್ದರೆ ಎರಡನ್ನೂ ಹಿಡಿದು ನೋಡಬೇಕು. ಹಿಡಿದಾಗ ತೋರುಬೆರಳಿನ ತುದಿಗೆಣ್ಣಿನ ಮೆತ್ತನೆಯ ಭಾಗ ಟ್ರಿಗರ್ ಮೇಲೆ, ಅಂದರೆ ಕುದುರೆಯ ಮೇಲೆ, ತಾನಾಗಿ ಕೂರಬೇಕು, ಮತ್ತು ಬೆರಳಿನ ಉಳಿದ ಭಾಗಕ್ಕೂ ಮರಕ್ಕೂ ನಡುವೆ ಸ್ವಲ್ಪ ಸಂದು ಇರಬೇಕು. ಬೆರಳು ಮರಕ್ಕೆ ತಗಲಿಕೊಂಡೇ ಒತ್ತಿದರೆ ನಳಿಕೆ ಅಡ್ಡಕ್ಕೆ ಸರಿಯುತ್ತದೆ. ಬೆರಳು ಎಟುಕಲೆಂದು ಅಂಗೈಯನ್ನು ಹೊರಳಿಸಿ ಹಿಡಿದರೆ ಮಣಿಕಟ್ಟಿನ ನೇರ ತಪ್ಪುತ್ತದೆ. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಟ್ರಿಗರನ್ನು ಹಿಂದೆ ಮುಂದೆ ಸರಿಸಲು ಅವಕಾಶವಿದೆ ಎಂಬುದನ್ನು ಮಾರುವವರು ಅನೇಕ ಬಾರಿ ಹೇಳದೆ ಬಿಡುತ್ತಾರೆ, ಇದನ್ನು ಕೇಳಿಯೇ ತಿಳಿಯಬೇಕು.

ಹಿಡಿ ಸರಿಯಾಗಿದೆಯೇ ಎಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ. ಪಿಸ್ತೂಲ್ ಖಾಲಿ ಇರುವುದನ್ನು ತರಬೇತುದಾರರ ಎದುರು ಖಚಿತಪಡಿಸಿಕೊಂಡು, ರೇಂಜಿನಲ್ಲಿ ಗುರಿಫಲಕದತ್ತ ನಿಂತು, ಕಣ್ಣು ಮುಚ್ಚಿ ಕೈಯನ್ನು ಗುರಿಯ ಎತ್ತರಕ್ಕೆ ಏರಿಸಿ, ಕೈ ನೆಲೆಗೊಂಡ ಮೇಲೆ ಕಣ್ಣು ತೆರೆಯಬೇಕು. ಮುಂದಿನ ಸೈಟ್ ಹಿಂದಿನ ಸೈಟಿನ ಕಚ್ಚಿನ ನಡುವೆ ತಾನಾಗಿ ಬಂದು ನಿಂತಿದ್ದರೆ ಹಿಡಿ ಕೈಗೆ ಒಪ್ಪಿದೆ ಎಂದರ್ಥ. ಪ್ರತಿ ಬಾರಿಯೂ ಅದು ಒಂದೇ ಪಕ್ಕಕ್ಕೆ ವಾಲುತ್ತಿದ್ದರೆ ಹಿಡಿಯ ಕೋನವನ್ನು ತಿರುಪಿನಿಂದ ಬದಲಿಸಬೇಕು, ಇಲ್ಲವೇ ಒತ್ತುವ ಜಾಗದಲ್ಲಿ ಮರವನ್ನು ಉಜ್ಜುಕಾಗದದಿಂದ ತುಸು ತುಸುವೇ ತೆಗೆದು, ಟೊಳ್ಳಿರುವ ಕಡೆ ಮರದ ಪುಟ್ಟಿ ತುಂಬಬೇಕು. ಅಂಗೈಯ ಕೆಳಗಿನ ಆನಿಕೆ ಮಣಿಕಟ್ಟಿಗೆ ಆಸರೆಯಾಗುವಂತಿದ್ದರೆ ಸ್ಪರ್ಧೆಯ ಸಲಕರಣೆ ತಪಾಸಣೆಯಲ್ಲಿ ಪಿಸ್ತೂಲ್ ಹೊರಬೀಳುತ್ತದೆ, ಏಕೆಂದರೆ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ ಮಣಿಕಟ್ಟು ಪೂರ್ತಿ ಮುಕ್ತವಾಗಿರಬೇಕು.

ಆ ನಂತರ ಉದ್ದ ಮತ್ತು ತೂಕ. ಎರಡು ಸೈಟುಗಳ ನಡುವಣ ಅಂತರ ಹೆಚ್ಚಿದಷ್ಟೂ ಜೋಡಣೆಯ ತಪ್ಪು ಗುರಿಯಲ್ಲಿ ಕಡಿಮೆಯಾಗಿ ಕಾಣುತ್ತದೆ: ಆ ಅಂತರ 220 ಮಿ.ಮೀ. ಇದ್ದಾಗ 0.1 ಮಿ.ಮೀ. ತಪ್ಪು 25 ಮೀಟರ್ ದೂರದಲ್ಲಿ ಸುಮಾರು 11 ಮಿ.ಮೀ. ಆಗುತ್ತದೆ, 160 ಮಿ.ಮೀ. ಇದ್ದಾಗ ಅದೇ ತಪ್ಪು 16 ಮಿ.ಮೀ. ಸಮೀಪಕ್ಕೆ ಬೆಳೆಯುತ್ತದೆ. ನಿಯಮದ ಗರಿಷ್ಠ ತೂಕ ಏರ್ ಪಿಸ್ತೂಲಿಗೆ 1,500 ಗ್ರಾಂ, ಸ್ಪೋರ್ಟ್ಸ್ ಪಿಸ್ತೂಲಿಗೆ 1,400 ಗ್ರಾಂ ಆಗಿದ್ದರೂ ಯಾರೂ ಆ ಮಿತಿ ಮುಟ್ಟಬೇಕಿಲ್ಲ. ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ 75 ನಿಮಿಷದೊಳಗೆ 60 ಹೊಡೆತಗಳನ್ನು ಒಂದೇ ಕೈಯಲ್ಲಿ ಮುಗಿಸಬೇಕಾದುದರಿಂದ, ಅಂಗಡಿಯಲ್ಲಿ ಒಮ್ಮೆ ಎತ್ತಿ ನೋಡಿ ಹಗುರ ಎನಿಸಿದ್ದನ್ನು ನಂಬುವುದಕ್ಕಿಂತ ನಲವತ್ತನೆಯ ಹೊಡೆತದ ಹೊತ್ತಿಗೆ ನಳಿಕೆಯ ಮೂತಿ ಕೆಳಗೆ ಬಾಗುತ್ತದೆಯೇ ಎಂದು ಪರೀಕ್ಷಿಸುವುದು ಮೇಲು. ಬಾಗುವುದಾದರೆ ಸಮತೋಲನದ ತೂಕಗಳನ್ನು ಮೊದಲು ತೆಗೆಯಬೇಕು. ಆಗಲೂ ತೋಳು ಸೋತರೆ ಮಾತ್ರ ಅದೇ ಮಾದರಿಯ ಗಿಡ್ಡ ನಳಿಕೆಯ ಆವೃತ್ತಿಯನ್ನು ಪರಿಗಣಿಸಬಹುದು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕೊಲ್ಹಾಪುರದ ರಾಹಿ ಸರ್ನೋಬತ್ ಚಿನ್ನ ಗೆದ್ದ 25 ಮೀಟರ್ ವಿಭಾಗದ ಕ್ಷಿಪ್ರ ಸುತ್ತಿನಲ್ಲಿ ಗುರಿ ತೆರೆದಿರುವುದು 3 ಸೆಕೆಂಡ್ ಮಾತ್ರ, ಅಷ್ಟರಲ್ಲಿ ಕೈ ಏರಿ ನೆಲೆಗೊಳ್ಳಬೇಕು. ಅಲ್ಲಿ ಮೂತಿಯ ಕಡೆಗಿನ ತುಸು ತೂಕ ಅಡ್ಡಿಯಲ್ಲ, ನೆರವು.

ಟ್ರಿಗರಿನ ವಿಷಯದಲ್ಲಿ ಗೊಂದಲ ಕಡಿಮೆ. ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ, ಸ್ಪೋರ್ಟ್ಸ್ ಪಿಸ್ತೂಲಿಗೆ 1,000 ಗ್ರಾಂ ಒತ್ತಡ ಇರಲೇಬೇಕು. ವಿದ್ಯುನ್ಮಾನ ಟ್ರಿಗರ್ ಹಿತವಾದರೂ ಅದಕ್ಕೆ ಬ್ಯಾಟರಿಯ ಹಂಗು, ರಿಪೇರಿಗೆ ದೂರದೂರಿನ ಹಂಗು. ಯಂತ್ರಕ್ಕೆ ಕೈಕೊಡುವ ಹೊತ್ತು ಇಂಥದೇ ಎಂದಿಲ್ಲ: 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಏರ್ ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆಯೇ ಕೆಟ್ಟು, ಅವರು ಅಮೂಲ್ಯ ನಿಮಿಷಗಳನ್ನು ಕಳೆದುಕೊಂಡು 575 ಅಂಕಗಳೊಂದಿಗೆ 12ನೆಯ ಸ್ಥಾನಕ್ಕೆ ನಿಂತರು. ಆದ್ದರಿಂದ ಬಿಡಿಭಾಗ ಸುಲಭವಾಗಿ ಸಿಗುವ, ಕ್ಲಬ್ಬಿನಲ್ಲಿ ಇನ್ನೂ ನಾಲ್ಕಾರು ಜನ ಬಳಸುವ ಮಾದರಿಗೆ ಆದ್ಯತೆ ಕೊಡುವುದು ಒಳಿತು.

ಲಕ್ಷಾಂತರ ಬೆಲೆಯ ಕಾರಣಕ್ಕೆ ಹಲವರು ಬಳಸಿದ ಪಿಸ್ತೂಲ್ ಕೊಳ್ಳುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಗಾಳಿಯ ಸಿಲಿಂಡರ್ ಮೇಲೆ ಕೊರೆದ ದಿನಾಂಕವನ್ನು ಓದಲೇಬೇಕು. ಅದರ ಬಾಳಿಕೆ ಸಾಮಾನ್ಯವಾಗಿ 10 ವರ್ಷ, ಅವಧಿ ಮೀರಿದ್ದನ್ನು ಸ್ಪರ್ಧೆಯಲ್ಲಿ ಒಪ್ಪುವುದಿಲ್ಲ. 20 ಡಿಗ್ರಿಯಲ್ಲಿ 200 ಬಾರ್ ತುಂಬಿದ ಸಿಲಿಂಡರಿನ ಒತ್ತಡ 50 ಡಿಗ್ರಿಯಲ್ಲಿ 220 ಬಾರ್ ದಾಟುವುದರಿಂದ, ಪಾದರಸ 45 ಡಿಗ್ರಿ ಮುಟ್ಟುವ ನಾಗಪುರದ ಮೇ ತಿಂಗಳಲ್ಲಿ ಅದನ್ನು ಸ್ಕೂಟರಿನ ಡಿಕ್ಕಿಯಲ್ಲೋ ಬಿಸಿಲಲ್ಲಿ ನಿಂತ ಕಾರಿನಲ್ಲೋ ಬಿಡುವುದು ಅಪಾಯ.

ಕೊನೆಯದು ಪೆಲೆಟ್. 4.49, 4.50 ಎಂದು ಸೂಕ್ಷ್ಮ ಅಂತರದ ಅಳತೆಗಳಲ್ಲಿ ಸಿಗುವ ಪೆಲೆಟ್‌ಗಳಲ್ಲಿ ಪ್ರತಿ ನಳಿಕೆಗೂ ಒಗ್ಗುವುದು ಬೇರೆ ಬೇರೆ. ಪಿಸ್ತೂಲನ್ನು ಬಿಗಿ ಆಸರೆಗೆ ಕಟ್ಟಿ ಪ್ರತಿ ಡಬ್ಬಿಯಿಂದ ಹತ್ತು ಹತ್ತು ಹೊಡೆದು, ಅತ್ಯಂತ ಇಕ್ಕಟ್ಟಾದ ಗುಂಪು ಬಿದ್ದ ಡಬ್ಬಿಯ ಲಾಟ್ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಒಂದು ಹಂಗಾಮಿಗೆ ಸಾಲುವಷ್ಟನ್ನು ಅದೇ ಲಾಟಿನಿಂದ ಒಟ್ಟಿಗೆ ಕೊಳ್ಳಬೇಕು.