ತಡವೂ ತಾಳ್ಮೆಯೂ

ಮನುಷ್ಯನಿಗೆ ರೋಗಕ್ಕಿಂತ ರೋಗದ ಶಂಕೆಯೇ ಎಷ್ಟೋ ವೇಳೆ ಹೆಚ್ಚು ಭಯವನ್ನುಂಟುಮಾಡುತ್ತದೆ. ಕಾಲಿಗೆ ಮುಳ್ಳು ಚುಚ್ಚಿದರೆ ಹತ್ತು ಜನರೆದುರು ಹೇಳಿಕೊಳ್ಳುವವರು, ಮೈಯಲ್ಲೊಂದು ಗಂಟು ಕೈಗೆ ತಗುಲಿದಾಗ ಮೌನ ತಾಳುತ್ತಾರೆ. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುವುದೋ ಎಂಬ ಅಳುಕು ಅವರದು.

ಬೀರೂರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಸ್ನಾನಮಾಡುವಾಗ ಮನೆಯೊಡತಿಗೆ ಎದೆಯಲ್ಲಿ ಅಡಕೆಯಷ್ಟು ದಪ್ಪನಾದ ಗಂಟೊಂದು ಕೈಗೆ ತಗುಲುತ್ತದೆ. ನಾಚಿಕೆಯಿಂದ ಆಕೆ ಗಂಡನಿಗೂ ತಿಳಿಸುವುದಿಲ್ಲ. ತೋಟದ ಕಾಯಿ ಕೀಳುವುದು ಮುಗಿಯಲಿ, ಮಗಳ ಪರೀಕ್ಷೆ ಮುಗಿಯಲಿ ಎಂದು ಎರಡು ತಿಂಗಳು ಕಳೆಯುತ್ತಾಳೆ. ಕೊನೆಗೆ ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳಿಗೆ ಸಂಗತಿ ತಿಳಿಯುತ್ತದೆ.

"ಅಮ್ಮ, ಡಾಕ್ಟರಿಗೆ ಏಕೆ ತೋರಿಸಲಿಲ್ಲ?"

"ನೋವೇ ಇಲ್ಲವಲ್ಲ ಮಗಳೇ! ನೋವಿದ್ದರಲ್ಲವೆ ರೋಗ?"

ಅಪಾಯ ಅಡಗಿರುವುದು ಈ ಮಾತಿನಲ್ಲಿಯೇ. ಅರ್ಬುದ ರೋಗ, ಅಂದರೆ ಕ್ಯಾನ್ಸರ್, ಆರಂಭದಲ್ಲಿ ಸಾಮಾನ್ಯವಾಗಿ ನೋವುಂಟುಮಾಡುವುದಿಲ್ಲ. ಆದುದರಿಂದ ನೋವಿಲ್ಲವೆಂದು ಸುಮ್ಮನಿರಲಾಗದು. ಹಾಗೆಂದು ಗಂಟೆಲ್ಲವೂ ಕ್ಯಾನ್ಸರೇ ಎಂದು ಎದೆಗುಂದುವುದೂ ಸಲ್ಲದು. ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಕೆಲವು ನೀರು ತುಂಬಿದ ಚೀಲಗಳು. ಮತ್ತೆ ಕೆಲವು ತರುಣಿಯರಲ್ಲಿ ಕಾಣುವ ನಿರಪಾಯಕರವಾದ ಗಡ್ಡೆಗಳು. ಕೊರಳಿನ ಗಂಟು ಗಂಟಲಿನ ಸೋಂಕಿನಿಂದಲೂ ಬರಬಹುದು, ಕ್ಷಯದಿಂದಲೂ ಬರಬಹುದು. ಈ ಕ್ಷಯದ ಗಂಟುಗಳನ್ನೇ ಹಿಂದಿನವರು ಗಂಡಮಾಲೆ ಎಂದು ಕರೆದರು. ಬರಿಯ ಕೈಯಿಂದ ಮುಟ್ಟಿ ಇಂಥದೇ ಎಂದು ನಿಶ್ಚಯಿಸುವುದು ನುರಿತ ವೈದ್ಯರಿಗೂ ಕಷ್ಟ. ಲೇಪ ಹಚ್ಚುವುದೂ ಬರೆ ಹಾಕುವುದೂ ಕಾಲವನ್ನು ನುಂಗುತ್ತವೆಯೇ ಹೊರತು ಗಂಟಿನ ಗುಟ್ಟನ್ನು ಬಿಡಿಸಲಾರವು.

ಮಗಳ ಒತ್ತಾಯಕ್ಕೆ ತಾಯಿ ಊರಿನ ಆಸ್ಪತ್ರೆಗೆ ಹೋಗುತ್ತಾಳೆ. ವೈದ್ಯೆ ಪರೀಕ್ಷಿಸಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ.

"ಸೂಜಿ ಚುಚ್ಚಿದರೆ ರೋಗ ಮೈಗೆಲ್ಲ ಹರಡುತ್ತದಂತಲ್ಲ, ಡಾಕ್ಟರಮ್ಮ?"

"ಅದು ಜನರ ಅಂಜಿಕೆ, ತಾಯಿ. ಹರಡುವುದು ಸೂಜಿಯಿಂದಲ್ಲ, ತಡಮಾಡುವುದರಿಂದ."

ಸಣ್ಣ ಸೂಜಿಯಿಂದ ಗಂಟಿನ ಜೀವಕೋಶಗಳನ್ನು ಹೀರಿ, ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅದು ಸಾಲದಿದ್ದರೆ ಗಂಟಿನ ಚೂರೊಂದನ್ನು ತೆಗೆದು ಮೇಣದಲ್ಲಿ ಹುದುಗಿಸಿ, ಒಂದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಭಾಗದಷ್ಟೇ ದಪ್ಪದ ಪದರಗಳಾಗಿ ಕತ್ತರಿಸಿ ಪರಿಶೀಲಿಸುತ್ತಾರೆ. ಇದಕ್ಕೆ ಕೆಲವು ದಿನಗಳು ಬೇಕು.

ಆ ದಿನಗಳು ದೀರ್ಘವಾದವು. ತಾಯಿಗೆ ಅನ್ನ ರುಚಿಸದು, ನಿದ್ರೆ ಹತ್ತದು. ಆದರೆ ಹಿಂದಿನ ಎರಡು ತಿಂಗಳಿಗೂ ಈ ಕೆಲವು ದಿನಗಳಿಗೂ ಅಜಗಜಾಂತರವಿದೆ. ಬೀರೂರು ಜಂಕ್ಷನ್ನಿನಿಂದ ಶಿವಮೊಗ್ಗದ ರೈಲುಮಾರ್ಗ ಕವಲೊಡೆಯುತ್ತದೆ. ಅಲ್ಲಿ ಟಿಕೆಟು ಪಡೆದು ರೈಲಿಗಾಗಿ ಕಾಯುವವನದು ತಾಳ್ಮೆ. ನಿಲ್ದಾಣಕ್ಕೇ ಹೋಗದೆ ಮನೆಯಲ್ಲಿ ಕುಳಿತವನದು ತಡ. ಮೊದಲನೆಯವನು ಊರು ಸೇರುವನು. ಈಗ ತಾಯಿ ಒಂಟಿಯೂ ಅಲ್ಲ. ಗಂಡ ತೋಟದಿಂದ ಬೇಗನೆ ಮನೆಗೆ ಬರುತ್ತಾನೆ. ಮಗಳು ಒಲೆಯ ಮುಂದೆ ಕುಳಿತು ರೊಟ್ಟಿ ತಟ್ಟುತ್ತಾಳೆ. "ಏನೂ ಆಗಿಲ್ಲ ಬಿಡು" ಎಂಬ ಹುಸಿ ಸಮಾಧಾನಕ್ಕಿಂತ "ಏನೇ ಬರಲಿ, ನಾವಿದ್ದೇವೆ" ಎಂಬ ಮಾತು ಆಕೆಗೆ ಹೆಚ್ಚು ಬಲ ಕೊಡುತ್ತದೆ.

ಫಲಿತಾಂಶ ಒಳ್ಳೆಯದಾದರೆ ಮನಸ್ಸಿನ ಭಾರ ಇಳಿಯಿತು. ಅಲ್ಲದಿದ್ದರೂ ಮಾರ್ಗ ಮುಚ್ಚಿಲ್ಲ. ಗಂಟು ಚಿಕ್ಕದಾಗಿರುವಾಗಲೇ ಗೊತ್ತಾದರೆ ಶಸ್ತ್ರಚಿಕಿತ್ಸೆ, ಔಷಧ, ವಿಕಿರಣಗಳಿಂದ ಗುಣವಾಗುವ ಸಂಭವ ಹೆಚ್ಚು. 1941ರಲ್ಲಿ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯೂ 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆಯೂ ಆರಂಭವಾದವು. ಮದರಾಸಿನ ಡಾ. ಮುತ್ತುಲಕ್ಷ್ಮಿ ರೆಡ್ಡಿ ತಮ್ಮ ಸೋದರಿಯನ್ನು ಈ ರೋಗದಿಂದ ಕಳೆದುಕೊಂಡವರು. ಆ ದುಃಖದಲ್ಲಿ ಮುಳುಗಿಹೋಗದೆ, 1954ರಲ್ಲಿ ಅಡಯಾರಿನಲ್ಲಿ ಕ್ಯಾನ್ಸರ್ ಆಸ್ಪತ್ರೆ ತೆರೆಯುವುದಕ್ಕೆ ಅವರು ಕಾರಣರಾದರು.

ಸೋದರಿಯ ಸಾವು ಅವರಿಂದ ಆಸ್ಪತ್ರೆ ಕಟ್ಟಿಸಿತು. ನಮ್ಮ ಮನೆಯವರ ನೋವು ನಮ್ಮಿಂದ ಒಂದು ಪ್ರಶ್ನೆಯನ್ನಾದರೂ ಕೇಳಿಸಬೇಡವೆ? "ಅಮ್ಮ, ಏಕೆ ತೋರಿಸಲಿಲ್ಲ?" ಎಂದ ಹುಡುಗಿ ವೈದ್ಯಶಾಸ್ತ್ರ ಓದಿದವಳಲ್ಲ. ಆದರೂ ಚಿಕಿತ್ಸೆಯ ಮೊದಲ ಹೆಜ್ಜೆ ಇಟ್ಟವಳು ಅವಳೇ.

ಪ್ರಶ್ನೆಗಳು

1. ನೋವಿಲ್ಲದ ಗಂಟನ್ನು ಏಕೆ ಅಲಕ್ಷಿಸಬಾರದು?
2. ತಡಕ್ಕೂ ತಾಳ್ಮೆಗೂ ಇರುವ ವ್ಯತ್ಯಾಸವನ್ನು ಪಾಠದ ಆಧಾರದಿಂದ ವಿವರಿಸಿರಿ.
3. ಸ್ವಂತ ವಾಕ್ಯಗಳಲ್ಲಿ ಬಳಸಿರಿ: ಎದೆಗುಂದು, ಅಜಗಜಾಂತರ.