ಬಾವಿಯ ಮನೆಯಿಂದ ಮೂರನೇ ಮಹಡಿಗೆ

ಮಂಗಳೂರಿನ ಹೊರವಲಯದ ಹಿತ್ತಿಲು, ಬಾವಿ ಇದ್ದ ಮನೆಯನ್ನು ಬಿಟ್ಟು ಬೆಂಗಳೂರಿನ ಮೂರನೇ ಮಹಡಿಯ ಫ್ಲ್ಯಾಟಿಗೆ ನಾವು ಬಂದಾಗ ಮೊದಲ ವಾರ ಎಲ್ಲರದ್ದೂ ಒಂದೇ ದೂರು. ಸಾಬೂನು ನೊರೆ ಕೊಡುವುದಿಲ್ಲ, ಕೂದಲು ನಾರಿನಂತಾಗಿದೆ, ಚಹಾದ ಪಾತ್ರೆಯ ತಳದಲ್ಲಿ ಬಿಳಿ ಪದರ. ಇದು ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಪಾತ್ರೆಯ ಬಿಳಿ ಪದರ ವಿಷವೇನಲ್ಲ. ವಿನೆಗರ್ ಅಥವಾ ಲಿಂಬೆ ರಸ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಬಿಡುತ್ತದೆ. ಉಪ್ಪು ಹಾಕಿ ನೀರನ್ನು ಮೆದು ಮಾಡುವ ಯಂತ್ರ ಇಟ್ಟಿದ್ದರೆ ಮಾತ್ರ ಒಂದು ಎಚ್ಚರ ಬೇಕು: ಆ ನೀರಿನಲ್ಲಿ ಸೋಡಿಯಂ ಹೆಚ್ಚಿರುವುದರಿಂದ ರಕ್ತದೊತ್ತಡ ಇರುವವರು ಅದನ್ನು ಕುಡಿಯದಿರುವುದು ಒಳ್ಳೆಯದು.

ಕುಡಿಯುವುದಕ್ಕೆ ಕಾವೇರಿ ನೀರು. ಸುಮಾರು 100 ಕಿಲೋಮೀಟರ್ ದೂರದಿಂದ, ಹಂತ ಹಂತವಾಗಿ ಪಂಪ್ ಮಾಡಿ ಮೇಲೆತ್ತಿ ತರುವ ನೀರದು. ನಮ್ಮ ಬೀದಿಗೆ ದಿನ ಬಿಟ್ಟು ದಿನ ಬರುತ್ತದೆ. ಊರಿನಲ್ಲಿ ಬೇಕಾದಾಗ ಬಾವಿಯಿಂದ ಸೇದುತ್ತಿದ್ದವರಿಗೆ ನೀರು ಹಿಡಿದಿಡುವ ಅಭ್ಯಾಸವೇ ಇರಲಿಲ್ಲ. ಇಲ್ಲಿ ಬಂದ ಮೇಲೆ ಡ್ರಮ್ಮು, ಬಕೆಟ್, ಕೊಡ ಎಲ್ಲ ತುಂಬಿಸಿಟ್ಟೆವು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದೂ ಅದೇ. ಅದು ಚರಂಡಿಗಿಂತ ಮನೆಯೊಳಗಿನ ತಿಳಿ ನೀರನ್ನೇ ಹುಡುಕುತ್ತದೆ, ಕಚ್ಚುವುದು ಹಗಲಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ನೀರು ಚೆಲ್ಲಿದರಷ್ಟೇ ಸಾಲದು, ಏಕೆಂದರೆ ಮೊಟ್ಟೆಗಳು ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ. ವಾರಕ್ಕೊಮ್ಮೆ ಒರಟು ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು. ಫ್ರಿಜ್ಜಿನ ಹಿಂದಿನ ತಟ್ಟೆಯನ್ನೂ ನೋಡಿ. ನಮ್ಮ ಮನೆಯಲ್ಲಿ ಹುಳಗಳು ಕಂಡದ್ದು ಅಲ್ಲಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಡೆಂಗಿ ಆಗಿದ್ದರೆ ಆಸ್ಪಿರಿನ್, ಐಬುಪ್ರೊಫೆನ್‌ನಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಹಿಡಿದಿಟ್ಟ ನೀರು ಬೇಗ ಖಾಲಿಯಾಗುತ್ತಿದ್ದದ್ದು ವುಝೂವಿಗೆ. ನಲ್ಲಿ ತೆರೆದಿಟ್ಟು ತೋಳಿನವರೆಗೆ ತೊಳೆಯುವಾಗ ಎಷ್ಟು ಹರಿಯುತ್ತದೆಂದು ಒಮ್ಮೆ ಕೆಳಗೆ ಬಕೆಟ್ ಇಟ್ಟು ನೋಡಿ. ಪ್ರವಾದಿ(ಸ)ರವರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಅದು ಎರಡೂ ಕೈ ಜೋಡಿಸಿದ ಒಂದು ತುಂಬು ಬೊಗಸೆಯ ಅಳತೆ. ನಾವು ಈಗ ಒಂದು ಲೀಟರಿನ ಮಗ್ ಇಟ್ಟುಕೊಂಡಿದ್ದೇವೆ, ಮಕ್ಕಳಿಗೂ ಸಾಕಾಗುತ್ತದೆ.

ಇವೆಲ್ಲ ಕಿರಿಕಿರಿಗಳು, ಅಭ್ಯಾಸವಾಗುತ್ತವೆ. ಆದರೆ ಬಚ್ಚಲಿನ ಗ್ಯಾಸ್ ಗೀಸರ್ ವಿಷಯ ಹಾಗಲ್ಲ.

ಊರಿನಲ್ಲಿ ಹಂಡೆಗೆ ತೆಂಗಿನ ಸಿಪ್ಪೆ ಒಟ್ಟಿ ನೀರು ಕಾಯಿಸುತ್ತಿದ್ದೆವು. ಹೊಗೆ ಕಣ್ಣಿಗೆ ಉರಿಯುತ್ತಿತ್ತು, ಆದ್ದರಿಂದ ಎದ್ದು ಹೊರಗೆ ಹೋಗುತ್ತಿದ್ದೆವು. ಗೀಸರಿನಲ್ಲಿ ಹೊಗೆ ಕಾಣುವುದಿಲ್ಲ. ಒಂದು ಶುಕ್ರವಾರ ಜುಮಾಕ್ಕೆ ಮೊದಲು ಮನೆಯವರೆಲ್ಲ ಸಾಲಾಗಿ ಸ್ನಾನಕ್ಕೆ ಹೋದೆವು. ಚಳಿಯೆಂದು ವೆಂಟಿಲೇಟರಿಗೆ ರಟ್ಟು ಮುಚ್ಚಿದ್ದೆವು. ನಾಲ್ಕನೆಯವಳಾಗಿ ಹೋದ ಮಗಳು ತಲೆನೋವು, ವಾಕರಿಕೆ ಎಂದು ಗೋಡೆ ಹಿಡಿದುಕೊಂಡು ಹೊರಬಂದಳು. ಖಾಲಿ ಹೊಟ್ಟೆಗೆ ಹೀಗಾಗಿದೆ ಎಂದು ಅತ್ತೆಯವರು ನಿಂಬೆ ಶರಬತ್ತು ಕೊಟ್ಟರು. ನಲ್ಲಿ ರಿಪೇರಿಗೆ ಬಂದಿದ್ದ ಹುಡುಗ ಬಚ್ಚಲನ್ನು ನೋಡಿ ಗೀಸರ್ ಆರಿಸಿ, ರಟ್ಟು ಕಿತ್ತ. ಅವನು ಹೇಳುವ ತನಕ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿಯುವಾಗ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದರೆ ಬರುವ ವಾಸನೆ ಬೇರೆ. ಅದು ಬರಲಿಲ್ಲವೆಂದು ಧೈರ್ಯದಿಂದ ಇರುವಂತಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದಕ್ಕೆ ಅಂಟಿಕೊಳ್ಳುತ್ತದೆ. ತಲೆಸುತ್ತು ಬಂದು ಕೈಕಾಲು ಸೋತ ಮೇಲೆ ಚಿಲಕ ತೆಗೆಯುವ ಶಕ್ತಿಯೂ ಉಳಿಯುವುದಿಲ್ಲ. ಒಬ್ಬರ ನಂತರ ಒಬ್ಬರು ಸ್ನಾನ ಮಾಡುವ ದೊಡ್ಡ ಕುಟುಂಬದಲ್ಲಿ ಕೊನೆಯವರಿಗೇ ಅಪಾಯ ಹೆಚ್ಚು, ಸಾಮಾನ್ಯವಾಗಿ ಅವರು ಹೆಂಗಸರು ಅಥವಾ ಮಕ್ಕಳು.

ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ ಇಡಿಸಿ. ಮಾಲೀಕರು ಒಪ್ಪುವ ತನಕ ಬಾಗಿಲು, ವೆಂಟಿಲೇಟರ್ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಸ್ನಾನಕ್ಕೆ ಹೋಗಿ. ಮಕ್ಕಳು ಒಳಗಿನಿಂದ ಚಿಲಕ ಹಾಕುವುದು ಬೇಡ. ಯಾರಾದರೂ ಕುಸಿದು ಬಿದ್ದರೆ ಮೊದಲು ಬಾಗಿಲು, ಕಿಟಕಿ ತೆರೆದು, ಗ್ಯಾಸ್ ಆರಿಸಿ, ಅವರನ್ನು ಹೊರಗಿನ ಗಾಳಿಗೆ ಎಳೆದು ತನ್ನಿ. 108ಕ್ಕೆ ಕರೆ ಮಾಡಿ, ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇತ್ತೆಂದು ಮರೆಯದೆ ಹೇಳಿ.